ಮಾಯ್ಕೆ ಬರೆದ ಷರಾ

ವೆಸ್ಟ್‌ಕಪೆಲ್ಲೆ, 3 ಮೇ 2022

ಫ್ರೌಕೆ ವಿರ್ಸೆಮಾ ಅವರಿಗೆ,
ಅವಳಿಗಳ ಆರೋಗ್ಯ ಅಧ್ಯಯನ, ಗ್ರೊನಿಂಗೆನ್

ನೀವು ಕಳಿಸಿದ ಎರಡೂ ಬಿ.ಪಿ. ಯಂತ್ರಗಳು ತಲುಪಿದವು. ಪೆಟ್ಟಿಗೆಯ ಮೂಲೆ ಸಹ ಜಜ್ಜಿರಲಿಲ್ಲ. ಮೂವತ್ತೆಂಟು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು ನಾನು, ಇಂಥದ್ದನ್ನು ಇದೇ ಮೊದಲ ಸಲ ನೋಡುತ್ತಿದ್ದೇನೆ.

ನಾನೂ ನನ್ನ ಅಕ್ಕ ಮಾಯ್ಕೆಯೂ ನಿಮ್ಮ ಅಧ್ಯಯನಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಯಿತು. ನಿಮಗಿಂತ ಮೊದಲಿದ್ದ ಹೆಂಗಸು ವರ್ಷಕ್ಕೊಂದು ಪ್ರಶ್ನಾವಳಿ ಕಳಿಸಿ ಸುಮ್ಮನಾಗುತ್ತಿದ್ದರು. ಈಗ ತಿಂಗಳಿಗೆ ಏಳು ದಿನ ಬಿ.ಪಿ. ಅಳೆಯಬೇಕು ಅಂತೀರಿ. ಆಗಲಿ, ಅಳೆಯುತ್ತೇವೆ. ಕಾಗದದ ನಮೂನೆಯೇ ಇರಲಿ, ಕಂಪ್ಯೂಟರು ಬೇಡ.

ಒಂದು ಮಾತು. ಇನ್ನು ಮುಂದೆ ಮಾಯ್ಕೆಯ ಲಕೋಟೆಗಳನ್ನೂ ನನ್ನ ವಿಳಾಸಕ್ಕೇ ಕಳಿಸಿ. ಅವಳ ಮನೆಯ ಅಂಚೆ ಕಿಂಡಿ ಬಾಗಿಲಿನ ತೀರ ಕೆಳಗಿದೆ, ಬಗ್ಗಿ ಎತ್ತಿಕೊಳ್ಳುವುದು ಆಗುವುದಿಲ್ಲ. ಎರಡು ಬೀದಿಯಾಚೆ ಇರುವವಳು, ನಾನೇ ನೋಡಿಕೊಳ್ಳುತ್ತೇನೆ.

ಇಬ್ಬರೂ ಚೆನ್ನಾಗಿದ್ದೇವೆ.

ಕ್ರಿನಾ ಮಿಂಡರ್‌ಹೌಟ್

———

ಗ್ರೊನಿಂಗೆನ್, 19 ಮೇ 2022

ಪ್ರಿಯ ಕ್ರಿನಾ ಅವರೇ,

ವಿಳಾಸ ಬದಲಾಯಿಸಿದ್ದೇನೆ. ಮೊದಲ ವಾರದ ನಮೂನೆಗಳು ಬಂದವು, ಅಂಕಿಗಳು ಎಷ್ಟು ಅಚ್ಚುಕಟ್ಟಾಗಿವೆ ಎಂದರೆ ಇಲ್ಲಿ ಎಲ್ಲರಿಗೂ ತೋರಿಸಿದೆ.

ಒಂದು ನಿಯಮ ನೆನಪಿಸುತ್ತೇನೆ. ಬರೆಯದ ಕೈಯ ತೋಳಿಗೇ ಪಟ್ಟಿ ಸುತ್ತಬೇಕು. ನೀವು ಬಲಗೈಯವರು, ಆದ್ದರಿಂದ ಎಡತೋಳು. ನಿಮ್ಮ ಅಕ್ಕ ಎಡಗೈಯವರು, ಅವರಿಗೆ ಬಲತೋಳು. ಎದುರುಬದುರು ನಿಂತರೆ ಕನ್ನಡಿ ನೋಡಿದ ಹಾಗೆ ಇರುವ ಅವಳಿಗಳು ನಮ್ಮ ಪಟ್ಟಿಯಲ್ಲಿ ಹೆಚ್ಚಿಲ್ಲ. ನಿಮ್ಮ ಜೋಡಿ ನಮಗೆ ಬಹಳ ಬೇಕಾದದ್ದು.

ಸದ್ಯ ನಿಮ್ಮದು 124, ಅವರದು 156. ಅವರದು ಸ್ವಲ್ಪ ಹೆಚ್ಚೇ. ಉಪ್ಪು ಕಡಿಮೆ ಮಾಡಲು ಹೇಳಿ.

ಅಕ್ಕ ತಂಗಿ ಎರಡೇ ಬೀದಿಯ ಅಂತರದಲ್ಲಿದ್ದೀರಿ ಎಂದು ಓದಿ ಹೊಟ್ಟೆಕಿಚ್ಚಾಯಿತು. ನನ್ನ ಅಮ್ಮ ಇದೇ ಊರಿನಲ್ಲಿದ್ದಾರೆ, ಆದರೂ ತಿಂಗಳ ಮೂರನೆಯ ಭಾನುವಾರ, ಎರಡರಿಂದ ನಾಲ್ಕು ಎಂದು ಗೊತ್ತು ಮಾಡಿಕೊಂಡು ಹೋಗುತ್ತೇನೆ.

ವಿಶ್ವಾಸದಿಂದ,
ಫ್ರೌಕೆ

———

ಗ್ರೊನಿಂಗೆನ್, 11 ಜುಲೈ 2022

ಪ್ರಿಯ ಕ್ರಿನಾ ಅವರೇ,

ಸ್ವಲ್ಪ ಕಳವಳದಿಂದ ಬರೆಯುತ್ತಿದ್ದೇನೆ. ನಿಮ್ಮ ಅಂಕಿ 124ರಿಂದ 108ಕ್ಕೆ ಇಳಿದಿದೆ. ಸಾಕಷ್ಟು ನೀರು ಕುಡಿಯುತ್ತೀರಾ? ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ? ಉಪ್ಪಿನ ಸಾರು ಕುಡಿದರೆ ಒಳ್ಳೆಯದು. ನಿಮ್ಮ ಅಕ್ಕನದು ಮಾತ್ರ 158ರಲ್ಲಿ ಗಟ್ಟಿಯಾಗಿ ನಿಂತಿದೆ.

ಇನ್ನೊಂದು ಚಿಕ್ಕ ವಿಷಯ. ನಮೂನೆಯ ಕೊನೆಯಲ್ಲಿರುವ 'ಷರಾ' ಜಾಗದಲ್ಲಿ ನೀವು ಯಾವಾಗಲೂ 'ಏನೂ ಇಲ್ಲ' ಎಂದು ಬರೆಯುತ್ತೀರಿ. ಮಾಯ್ಕೆ ಅವರು ಈ ಸಲ 'ಪರದೆ ಇನ್ನೂ ತೆಗೆದಿಲ್ಲ' ಎಂದು ಬರೆದಿದ್ದಾರೆ. ಯಂತ್ರದ ಬಗ್ಗೆ ಹೇಳಿದ್ದೋ ಏನೋ ತಿಳಿಯಲಿಲ್ಲ. ಸ್ವಲ್ಪ ಕೇಳಿ ಹೇಳುತ್ತೀರಾ?

ಫ್ರೌಕೆ

———

ವೆಸ್ಟ್‌ಕಪೆಲ್ಲೆ, 20 ಜುಲೈ 2022

ಫ್ರೌಕೆ ಅವರಿಗೆ,

ಉಪ್ಪಿನ ಸಾರು ಕುಡಿಯುತ್ತಿದ್ದೇನೆ. ಕಡಲ ಏರಿಯ ಬುಡದಲ್ಲೇ ಇರುವವರಿಗೆ ಉಪ್ಪಿಗೇನು ಬರ. ಸುಸ್ತೇನೂ ಇಲ್ಲ. ಎಡಗೈಯ ಬೆರಳುಗಳು ಮಾತ್ರ ತಣ್ಣಗೆ. ಜುಲೈ ತಿಂಗಳಲ್ಲಿ ಒಂದೇ ಕೈಗೆ ಉಣ್ಣೆಯ ಕೈಗವಸು ಹಾಕಿಕೊಂಡು ಅಂಗಡಿಗೆ ಹೋದೆ. ಎದುರುಮನೆಯ ಆಡ್ರಿ, "ಏನಮ್ಮ, ಇನ್ನೊಂದನ್ನ ಯಾರಿಗೆ ಕೊಟ್ಟೆ?" ಅಂದ. ಅವನ ಬಾಯಿಗೆ ಬೀಗ ಇಲ್ಲ.

ಅಕ್ಕ ಗಟ್ಟಿಯಾಗಿದ್ದಾಳೆ ಎಂದು ಬರೆದಿರಲ್ಲ, ಅದನ್ನು ಎರಡು ಸಲ ಓದಿಕೊಂಡೆ. ಬಹಳ ಸಂತೋಷವಾಯಿತು. ನನ್ನದು ಇಳಿದರೂ ಇಳಿಯಲಿ ಬಿಡಿ.

ಪರದೆಯ ಮಾತು ಅವಳ ತಮಾಷೆ. ಇಲ್ಲಿ ಮುದುಕರೆಲ್ಲ ಬೆಳಿಗ್ಗೆ ಒಂಬತ್ತರೊಳಗೆ ಪರದೆ ಸರಿಸಬೇಕು, ಇಲ್ಲದಿದ್ದರೆ ಪಕ್ಕದವರು ಬೀಗದಕೈ ಹಿಡಿದು ಬಂದುಬಿಡುತ್ತಾರೆ. ಮಾಯ್ಕೆ ಶಾಲೆಯಲ್ಲಿ ಟೀಚರಾಗಿದ್ದವಳು, ಎಲ್ಲದಕ್ಕೂ ಗಡಿಯಾರ. ನನಗಿಂತ ಇಪ್ಪತ್ತು ನಿಮಿಷ ಮೊದಲು ಹುಟ್ಟಿದ್ದಕ್ಕೆ ಎಪ್ಪತ್ತು ವರ್ಷ ಅಕ್ಕನ ಗತ್ತು. ಹೇಳದೆ ಕೇಳದೆ ಕಾಫಿಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಡೈರಿ ತೆಗೆಯುತ್ತಾಳೆ. "ಇವತ್ತು ನಿನ್ನ ಹೆಸರು ಬರೆದಿಲ್ವಲ್ಲೇ, ಗುರುವಾರ ಬಾ" ಅಂತಾಳೆ. ಹೊಟ್ಟೆಯೊಳಗೆ ಒಟ್ಟಿಗೆ ಇದ್ದವಳಿಗೆ!

ಅವಳು ಷರಾದಲ್ಲಿ ಏನು ಬರೆಯುತ್ತಾಳೋ ನಾನು ನೋಡುವುದಿಲ್ಲ. ಲಕೋಟೆಗೆ ಹಾಕಿ ಅಂಟಿಸಿಯೇ ಇರುತ್ತದೆ. ಬೇರೆಯವರ ಪತ್ರ ಓದಿ ಅಭ್ಯಾಸವಿಲ್ಲ ನನಗೆ.

ಕ್ರಿನಾ

———

ಗ್ರೊನಿಂಗೆನ್, 14 ಸೆಪ್ಟೆಂಬರ್ 2022

ಪ್ರಿಯ ಕ್ರಿನಾ ಅವರೇ,

ನಿಮ್ಮ ಅಂಕಿ ಈಗ 98. ದಯವಿಟ್ಟು ನಿಮ್ಮ ಮನೆವೈದ್ಯರಿಗೆ ತೋರಿಸಿ. ನಾನು ಬರೀ ಸಂಶೋಧನಾ ನರ್ಸು, ಚಿಕಿತ್ಸೆ ಹೇಳುವ ಹಕ್ಕು ನನಗಿಲ್ಲ. ಆದರೂ ನಿಮ್ಮಿಬ್ಬರ ಅಂಕಿಗಳ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದು ಮತ್ತೆ ಮತ್ತೆ ನೋಡುತ್ತಿದ್ದೇನೆ. ನಿಮ್ಮದು ಇಳಿಯುತ್ತಲೇ ಇದೆ, ಅವರದು 160ರಲ್ಲಿ ಅಲ್ಲಾಡದೆ ಕೂತಿದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಆಗಸ್ಟ್ ನಮೂನೆಯ ಷರಾದಲ್ಲಿ ಮಾಯ್ಕೆ ಅವರು ನನಗೇ ಬರೆದಿದ್ದಾರೆ: 'ಫ್ರೌಕೆ, ಅಮ್ಮನ ಮನೆಗೆ ಹೋಗಲು ಹೊತ್ತು ಗೊತ್ತು ಮಾಡಬೇಡ.' ನನ್ನ ಪತ್ರವನ್ನು ನೀವು ಅವರಿಗೆ ಓದಿ ಹೇಳಿರಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಅಕ್ಷರ ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಂಗಳವಾರ ಕೆಲಸ ಮುಗಿಸಿ ನೇರ ಅಮ್ಮನ ಮನೆಗೆ ಹೋಗಿ ಬೆಲ್ಲು ಒತ್ತಿದೆ.

"ಯಾರು ಸತ್ರೇ?" ಅಂದರು ಅಮ್ಮ, ಬಾಗಿಲು ತೆಗೆದ ಕೂಡಲೇ.

"ಯಾರೂ ಇಲ್ಲಮ್ಮ. ಸುಮ್ನೆ ಬಂದೆ."

"ಸುಮ್ನೆ ಅಂದ್ರೆ? ಆಲೂಗಡ್ಡೆ ಎರಡೇ ಬೇಯಿಸಿದೀನಿ ನಾನು."

ಒಂದೊಂದು ಆಲೂಗಡ್ಡೆ ತಿಂದೆವು. ಅಮ್ಮ ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲವಂತೆ. ಭಾನುವಾರ ಬಂದಾಗ ಹೇಳೋಣ ಎಂದಿದ್ದರಂತೆ.

ನಿಮ್ಮ ಅಕ್ಕನಿಗೆ ನನ್ನ ವಂದನೆ ತಿಳಿಸಿ.

ಫ್ರೌಕೆ

———

ವೆಸ್ಟ್‌ಕಪೆಲ್ಲೆ, 17 ಸೆಪ್ಟೆಂಬರ್ 2022

ಫ್ರೌಕೆ,

ನಿಮ್ಮ ಪತ್ರವನ್ನು ನಾನು ಅವಳಿಗೆ ಓದಿ ಹೇಳಿಲ್ಲ.

ಅವಳ ನಮೂನೆಗಳನ್ನೆಲ್ಲ ನನಗೆ ವಾಪಸು ಕಳಿಸಿ. ಮೇ ತಿಂಗಳಿಂದ ಎಲ್ಲವೂ ಬೇಕು. ಕಳಿಸಲಾಗದಿದ್ದರೆ ಇಷ್ಟಾದರೂ ಹೇಳಿ. ಷರಾದಲ್ಲಿ ಎಲ್ಲಾದರೂ ಹೊತ್ತು ಬರೆದಿದ್ದಾಳೆಯೇ? ಎಷ್ಟು ಗಂಟೆ ಎಂದು? ಬೆಳಗಿನದ್ದು?

ಬೇರೆ ಏನೂ ಬೇಡ ನನಗೆ.

ಕ್ರಿನಾ

———

ಗ್ರೊನಿಂಗೆನ್, 7 ನವೆಂಬರ್ 2022

ಪ್ರಿಯ ಕ್ರಿನಾ ಅವರೇ,

ತಡವಾದದ್ದಕ್ಕೆ ಕ್ಷಮಿಸಿ. ಒಬ್ಬರ ನಮೂನೆಯನ್ನು ಇನ್ನೊಬ್ಬರಿಗೆ, ಅವಳಿಯಾದರೂ ಸರಿ, ಕೊಡುವಂತಿಲ್ಲ. ಮೇಲಿನವರನ್ನು ಕೇಳಿದೆ, ಒಪ್ಪಲಿಲ್ಲ. ನಿಮ್ಮ ಅಕ್ಕನೇ ಸಹಿ ಹಾಕಿ ಕೇಳಿದರೆ ಮರುದಿನವೇ ಕಳಿಸುತ್ತೇನೆ.

ವೇಳೆಯ ಬಗ್ಗೆ ಕೇಳಿದಿರಿ. ಮೊನ್ನೆ ಬಂದ ನಮೂನೆಯಲ್ಲಿ ಒಂದು ಸಾಲಿದೆ. ಇದಕ್ಕೆ ಮತ್ತೆ ನಿಯಮ ಮುರಿಯುತ್ತಿದ್ದೇನೆ: 'ನಾಲ್ಕಾಗಲು ಇನ್ನೆಷ್ಟು ಹೊತ್ತು?'

ಅಷ್ಟೇ. ನಿಮಗೆ ಅರ್ಥವಾದರೆ ನನಗೂ ತಿಳಿಸಿ. ನಿಮ್ಮ ಅಂಕಿ 91. ವೈದ್ಯರಿಗೆ ತೋರಿಸಿದಿರಾ? ಅದಕ್ಕೆ ಮಾತ್ರ ನೀವು ಯಾವತ್ತೂ ಉತ್ತರ ಕೊಡುವುದಿಲ್ಲ.

ಫ್ರೌಕೆ

———

ಗ್ರೊನಿಂಗೆನ್, 21 ನವೆಂಬರ್ 2022

ಕ್ರಿನಾ ಅವರೇ,

ನಾಲ್ಕು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಆದ್ದರಿಂದ ತುರ್ತು ಅಂಚೆಯಲ್ಲಿ ಬರೆಯುತ್ತಿದ್ದೇನೆ.

ಶುಕ್ರವಾರ ನಿಮ್ಮಿಬ್ಬರ ಗೆರೆಗಳನ್ನು ಡಾಕ್ಟರ್ ಸಿಬ್ರೆನ್ ಅವರ ಮುಂದಿಟ್ಟೆ. ಅವರು ಹೆಸರು ನೋಡಲೇ ಇಲ್ಲ. ಕನ್ನಡಕ ಹಣೆಗೇರಿಸಿ, "ಇವು ಇಬ್ಬರು ಹೆಂಗಸರಲ್ಲ ಕಣಮ್ಮ. ಒಬ್ಬಳದೇ ಎರಡು ತೋಳು. ಎಡಗಡೆ ನಾಳ ಕಟ್ಟಿಕೊಳ್ತಿದೆ. ಯಾರಿದು?" ಅಂದರು.

ನಾನು ನಕ್ಕೆ. "ಇಲ್ಲ ಡಾಕ್ಟ್ರೇ, ಅವಳಿಗಳು" ಅಂದೆ.

ಇವತ್ತು ಬೆಳಿಗ್ಗೆ ಜನಸಂಖ್ಯಾ ದಾಖಲೆಯಿಂದ ವರ್ಷಕ್ಕೊಮ್ಮೆ ಬರುವ ಪಟ್ಟಿ ಬಂತು. ಮಾಯ್ಕೆ ಮಿಂಡರ್‌ಹೌಟ್, ಮರಣ 14 ಮಾರ್ಚ್ 2022.

ನೀವು ಮೊದಲ ಪತ್ರ ಬರೆದದ್ದು ಮೇ ಮೂರಕ್ಕೆ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಭಯವಿದೆ. ಆ ಷರಾಗಳನ್ನು ಯಾರು ಬರೆದರು ಎನ್ನುವುದನ್ನು ಆಮೇಲೆ ನೋಡೋಣ. ಎರಡೂ ತೋಳು ನಿಮ್ಮದೇ ಆಗಿದ್ದರೆ ನಿಮ್ಮ ನಿಜವಾದ ಬಿ.ಪಿ. 160, ನಿಮ್ಮ ಎಡತೋಳಿಗೆ ರಕ್ತ ಹೋಗುತ್ತಿಲ್ಲ. ಉಪ್ಪಿನ ಸಾರು ಕುಡಿಯಿರಿ ಎಂದವಳು ನಾನು! ತಕ್ಷಣ ನಿಲ್ಲಿಸಿ. ಇವತ್ತೇ ವೈದ್ಯರ ಹತ್ತಿರ ಹೋಗಿ.

ಫ್ರೌಕೆ

———

ವೆಸ್ಟ್‌ಕಪೆಲ್ಲೆ, 27 ನವೆಂಬರ್ 2022

ಫ್ರೌಕೆ,

ಇನ್ನು ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ. ಸಿಕ್ಕಿಬಿದ್ದ ಮೇಲೆ ಬಹುವಚನವೇಕೆ.

ಹೌದು, ಮಾಯ್ಕೆ ಸತ್ತಳು. ಊರಿಗೆಲ್ಲ ಗೊತ್ತು, ಎಲ್ಲರೂ ಬಂದು ಕಾಫಿ ಕುಡಿದು ಕೇಕು ತಿಂದು ಹೋದರು. ನಿಮ್ಮ ಪಟ್ಟಿಗೆ ಮಾತ್ರ ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಎರಡು ಯಂತ್ರ ಬಂದವು, ಒಂದರ ಮೇಲೆ ಅವಳ ಹೆಸರು. ಇಡೀ ಭೂಮಿಯ ಮೇಲೆ ಅವಳು ಬದುಕಿರುವ ಜಾಗ ಅದೊಂದೇ ಅನ್ನಿಸಿತು. ನನ್ನ ಬಲತೋಳಿಗೆ ಪಟ್ಟಿ ಸುತ್ತಿ ಅವಳ ಹೆಸರಿನಲ್ಲಿ ಬರೆದೆ. ನಿಯಮ ನಿಯಮವೇ. ಎಡಗೈಯವಳ ನಮೂನೆ, ಆದ್ದರಿಂದ ಎಡಗೈಯಲ್ಲೇ ಬರೆದೆ.

ಮೊದಲ ತಿಂಗಳು ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಆಮೇಲೆ ಒಂದು ದಿನ ಅಂಕಿ ಬರೆದು ಮುಗಿಸುವ ಹೊತ್ತಿಗೆ ತಲೆ ತಿರುಗಿ ಕಣ್ಣು ಕತ್ತಲಾಯಿತು. ಎಚ್ಚರವಾದಾಗ ಮೇಜಿನ ಮೇಲೆ ಹಣೆ ಇಟ್ಟುಕೊಂಡಿದ್ದೆ. ಲಕೋಟೆ ಅಂಟಿಸಿ ಮುಗಿದಿತ್ತು, ನಾಲಿಗೆಯ ಮೇಲೆ ಗೋಂದಿನ ರುಚಿ. ಪ್ರತಿ ಸಲವೂ ಹೀಗೇ. ಅಂಟಿಸಿದ ಲಕೋಟೆಯನ್ನು ನಾನು ಒಡೆಯುವವಳಲ್ಲ. ಒಡೆಯಲು ಧೈರ್ಯವೂ ಇರಲಿಲ್ಲ. ಹೆದರಿಕೆಯಾಗಲಿಲ್ಲವೇ ಅಂತೀಯಾ? ಆಯಿತು. ಆದರೆ ಮುಂದಿನ ತಿಂಗಳ ಮೊದಲ ವಾರಕ್ಕೆ ಕಾಯುತ್ತಿದ್ದೆ, ಮಕ್ಕಳು ಹುಟ್ಟುಹಬ್ಬಕ್ಕೆ ಕಾಯುವ ಹಾಗೆ.

ಈಗ ನಾಲ್ಕು ಗಂಟೆಯ ವಿಷಯ. ಇದನ್ನು ಪಾದ್ರಿಗೂ ಹೇಳಿಲ್ಲ.

ಮಾರ್ಚ್ ಹದಿನಾಲ್ಕು, ಸೋಮವಾರ. ಅವಳೇ ಭಾನುವಾರ ಫೋನು ಮಾಡಿ, "ನಾಳೆ ನಾಲ್ಕಕ್ಕೆ ಬಾ. ಮುಂಚೆ ಬರ್ಬೇಡ ಮತ್ತೆ" ಅಂದಿದ್ದಳು. ಆ ಮಾತು ನನಗೆ ಚುಚ್ಚಿತ್ತು. ಸೋಮವಾರ ಬ್ರೆಡ್ಡು ತರಲು ಸೈಕಲಿನಲ್ಲಿ ಹೋದೆ. ಅವಳ ಮನೆಯ ಮುಂದೆ ಹಾಯುವಾಗ ಚರ್ಚಿನ ಗಡಿಯಾರದಲ್ಲಿ ಹತ್ತು ನಲವತ್ತು. ಪರದೆ ಮುಚ್ಚಿಯೇ ಇತ್ತು. ಅವಳ ಪಕ್ಕದ ಮನೆಯವರು ಆ ವಾರ ಊರಲ್ಲಿರಲಿಲ್ಲ. ಅವಳ ಮನೆಯ ಬೀಗದಕೈ ನನ್ನ ಜೇಬಿನಲ್ಲಿತ್ತು.

ಏನೋ ಆಗಿದೆ ಅಂತ ನನಗೆ ಗೊತ್ತಾಯಿತು ಫ್ರೌಕೆ. ಗೊತ್ತಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ, 'ಮುಂಚೆ ಬರ್ಬೇಡ ಅಂದಳಲ್ಲ, ಇರಲಿ, ನಾಲ್ಕಕ್ಕೇ ಹೋಗ್ತೀನಿ' ಅಂದುಕೊಂಡೆ. ಅಲ್ಲಿ ರಸ್ತೆಯ ಇಟ್ಟಿಗೆ ಉಬ್ಬಿದ ಜಾಗದಲ್ಲಿ ಸೈಕಲಿನ ಗಂಟೆ ತಾನಾಗಿ ಟಿಣ್ ಅನ್ನುತ್ತದೆ. ನಾನು ಹೆಬ್ಬೆರಳಿನಿಂದ ಅದನ್ನು ಅದುಮಿ ಹಿಡಿದುಕೊಂಡು ದಾಟಿದೆ.

ಸರಿಯಾಗಿ ನಾಲ್ಕಕ್ಕೆ ಹೋದೆ. ಹಾಸಿಗೆಯ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ವೈದ್ಯ ಬಂದು ಒಂಬತ್ತು ಹನ್ನೆರಡರ ನಡುವೆ ಯಾವಾಗಲೋ ಅಂದ. ಹುಟ್ಟುವಾಗ ಅವಳನ್ನು ಇಪ್ಪತ್ತು ನಿಮಿಷ ಕಾಯಿಸಿದ್ದೆ. ಈ ಸಲ ಐದು ಗಂಟೆ ಇಪ್ಪತ್ತು ನಿಮಿಷ.

ನಾನು ಹಾದುಹೋದಾಗ ಅವಳು ಬದುಕಿದ್ದಳೇ? ಅದೊಂದು ನನಗೆ ಗೊತ್ತಾಗಬೇಕು. ಗೊತ್ತಿರುವುದು ಅವಳೊಬ್ಬಳಿಗೇ. ನೀನು ಹೇಳುವ ವೈದ್ಯರು ಕೈ ಸರಿಮಾಡಿದರೆ ಅವಳು ಬರೆಯುವುದು ನಿಂತುಹೋಗುತ್ತದೆ. ಆದ್ದರಿಂದ ಹೋಗುವುದಿಲ್ಲ.

ಕ್ರಿನಾ

———

ಗ್ರೊನಿಂಗೆನ್, 1 ಡಿಸೆಂಬರ್ 2022

ಕ್ರಿನಾ ಅಮ್ಮಾ,

ನಿಮ್ಮ ಪತ್ರ ಓದಿ ಅತ್ತೆ. ಅತ್ತು ಮುಗಿಸಿ ಡಾಕ್ಟರ್ ಸಿಬ್ರೆನ್ ಅವರ ಹತ್ತಿರ ಹೋದೆ.

ಅವರು ಹೇಳಿದ್ದನ್ನು ಸರಳವಾಗಿ ಬರೆಯುತ್ತೇನೆ. ನಿಮ್ಮ ಎಡತೋಳಿಗೆ ಹೋಗುವ ರಕ್ತನಾಳ ಕಿರಿದಾಗಿದೆ. ಆ ಕೈ ಕೆಲಸ ಮಾಡಿದಾಗ ರಕ್ತ ಸಾಲದೆ, ತಲೆಯ ಹಿಂಭಾಗಕ್ಕೆ ಹೋಗಬೇಕಾದದ್ದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಗ ತಲೆ ತಿರುಗುತ್ತದೆ, ಕೆಲವು ಗಳಿಗೆ ನೆನಪಿನಲ್ಲಿ ಉಳಿಯುವುದಿಲ್ಲ. ವೈದ್ಯರೇ ಅದಕ್ಕೆ ಕಳವು ಎನ್ನುತ್ತಾರೆ. ಷರಾ ಬರೆದವರು ನೀವೇ. ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದಿರಿ.

ಹೀಗೆ ನಾನು ನಂಬಬೇಕು. ಹಗಲಿನಲ್ಲಿ ನಂಬುತ್ತೇನೆ. ಆದರೆ ನನ್ನ ಅಮ್ಮ ನಿದ್ದೆ ಇಲ್ಲದೆ ಇದ್ದ ಹೊತ್ತಿಗೇ ಆ ಸಾಲು ಬರೆಯಬೇಕೆಂದು ನಿಮಗೆ ಹೇಗೆ ತಿಳಿದಿರಲು ಸಾಧ್ಯ?

ಇರಲಿ. ಮುಂದಿನ ಸಲ ಕಣ್ಣು ಕತ್ತಲಾಗುವುದು ಮೆಟ್ಟಿಲ ಮೇಲೆ ಆಗಬಹುದು, ಸೈಕಲಿನ ಮೇಲೆ ಆಗಬಹುದು. ಆಗ ನಿಮ್ಮ ಮನೆಯ ಪರದೆ ಮುಚ್ಚಿರುತ್ತದೆ. ಅದು ನನಗೆ ಗೊತ್ತಾಗಿಯೂ ನಾನು ಹಾದುಹೋಗಲೇ?

ಶನಿವಾರ ಮೊದಲ ರೈಲಿಗೆ ಹೊರಡುತ್ತೇನೆ. ಎಷ್ಟು ಗಂಟೆಗೆ ಬರುತ್ತೇನೆ ಎಂದು ಹೇಳುವುದಿಲ್ಲ, ನಿಮ್ಮನ್ನು ಕೇಳುವುದೂ ಇಲ್ಲ. ಬಾಗಿಲು ತೆಗೆಯದಿದ್ದರೆ ಆಡ್ರಿಯವರನ್ನು ಕರೆಯುತ್ತೇನೆ. ಇಬ್ಬರೂ ಸೇರಿ ಆಸ್ಪತ್ರೆಗೆ ಹೋಗೋಣ.

ಜೊತೆಗೆ ಮಾಯ್ಕೆ ಅವರ ದಾಖಲೆ ಮುಚ್ಚುವ ನಮೂನೆ ಇಟ್ಟಿದ್ದೇನೆ. ಅದನ್ನು ತುಂಬಿದರೆ ಅವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಯಾವ ಕೈಯಲ್ಲಿ ತುಂಬುತ್ತೀರೋ ನಾನು ಕೇಳುವುದಿಲ್ಲ.

ನಿಮ್ಮ
ಫ್ರೌಕೆ

———

ವೆಸ್ಟ್‌ಕಪೆಲ್ಲೆ, 9 ಜನವರಿ 2023

ಫ್ರೌಕೆ ಮಗಳೇ,

ಎಡತೋಳು 148, ಬಲತೋಳು 150. ಆ ಯುವ ವೈದ್ಯ ತೊಡೆಯ ಸಂದಿಯಿಂದ ತಂತಿ ತೂರಿಸಿ ಎದೆಯವರೆಗೆ ಹೋಗಿ ನಾಳ ಅಗಲ ಮಾಡಿದ ಎಂದರೆ ಆಡ್ರಿ ನಂಬುವುದೇ ಇಲ್ಲ. "ಚರಂಡಿಯವರೂ ಹಂಗೇ ಮಾಡೋದು" ಅಂತಾನೆ. ಬೆರಳು ಬೆಚ್ಚಗಾಗಿವೆ. ಕೈಗವಸು ಎತ್ತಿಟ್ಟೆ.

ನೀನು ಹೋದ ಮೇಲೆ ಕೂತು ನೋಡಿದೆ. ಎಡಗೈಗೆ ಪೆನ್ನು ಕೊಟ್ಟು ಅರ್ಧ ಗಂಟೆ ಕಾದೆ. ತಲೆ ತಿರುಗಲಿಲ್ಲ. ಕೈ ಮೊದಲ ತರಗತಿಯ ಮಗುವಿನ ಹಾಗೆ ಒಂದು ವಕ್ರ ಗೆರೆ ಎಳೆದು ನಿಂತಿತು. ಅವಳಿಲ್ಲ. ಬಹಳ ಒಂಟಿಯಾಗಿದೆ ಮಗಳೇ. ಹತ್ತು ತಿಂಗಳು ತಡವಾಗಿ ನನಗೀಗ ಸೂತಕ.

ಆ ಶನಿವಾರ ನೀನು ಬಂದು ಬೆಲ್ಲು ಒತ್ತಿದಾಗ ನಾನು ಬಾಗಿಲಿಗೆ ಬರಲು ತಡಮಾಡಿದೆನಲ್ಲ, ಮೇಜಿನ ಮೇಲೆ ಹಣೆ ಇಟ್ಟುಕೊಂಡಿದ್ದೆ. ನೀನು ಕಳಿಸಿದ ದಾಖಲೆ ಮುಚ್ಚುವ ನಮೂನೆ ಬಿಡಿಸಿಟ್ಟುಕೊಂಡು ಕೂತಿದ್ದೆ. ಬಾಯಿಯಲ್ಲಿ ಗೋಂದಿನ ರುಚಿಯಿತ್ತು. ಲಕೋಟೆಯನ್ನು ಆಗ ನಿನಗೆ ಕೊಡಲಿಲ್ಲ. ಅದರೊಳಗಿನದ್ದನ್ನು ತಿಳಿದುಕೊಂಡು ಸಾಯುವುದೋ ತಿಳಿಯದೆ ಬದುಕುವುದೋ ಎಂದು ಒಂದು ತಿಂಗಳು ಯೋಚಿಸಿದೆ. ನಿನ್ನೆ ಒಡೆದೆ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರು ಅಂಟಿಸಿದ್ದನ್ನು ಒಡೆದೆ.

ನಾನೇ ಬರೆದದ್ದು ಎಂದು ನೀನು ಹೇಳುತ್ತೀಯ. ಇರಬಹುದು. ಆದರೆ ಹೊತ್ತಿನ ವಿಷಯದಲ್ಲಿ ಮಾಯ್ಕೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ಇದನ್ನು ದಾಖಲೆಗೆ ಸೇರಿಸು. ಮುಂದಿನ ವಾರವೋ ಅದರ ಮುಂದಿನ ವಾರವೋ ನಿನ್ನ ಅಮ್ಮನನ್ನು ಕರೆದುಕೊಂಡು ಬಾ. ದಿನ ಹೇಳಬೇಡ. ಆಲೂಗಡ್ಡೆ ಜಾಸ್ತಿಯೇ ಬೇಯಿಸುತ್ತಿರುತ್ತೇನೆ.

ಕ್ರಿನಾ

———

ಅವಳಿಗಳ ಆರೋಗ್ಯ ಅಧ್ಯಯನ
ದಾಖಲೆ ಮುಕ್ತಾಯದ ನಮೂನೆ

ಹೆಸರು: ಮಾಯ್ಕೆ ಮಿಂಡರ್‌ಹೌಟ್

ಮರಣದ ದಿನ: 14 ಮಾರ್ಚ್ 2022, ಸೋಮವಾರ

ಸ್ಥಳ: ಮನೆ

ವೇಳೆ: ಬೆಳಿಗ್ಗೆ 11.05

ಮಾಹಿತಿ ಕೊಟ್ಟವರು: ಸ್ವತಃ

ಷರಾ: ಹತ್ತು ನಲವತ್ತಕ್ಕೆ ಕ್ರಿನಾ ಹೋದದ್ದು ಕೇಳಿಸಿತು. ಗಂಟೆ ಅದುಮಿ ಹಿಡಿದಿದ್ದಳು, ಆದರೆ ಚೈನಿಗೆ ಎಣ್ಣೆ ಇರಲಿಲ್ಲ. ಕೂಗುವಷ್ಟು ಶಕ್ತಿ ಇತ್ತು. ಕೂಗಲಿಲ್ಲ. ನಾಲ್ಕು ಗಂಟೆಗೆ ಬಾ ಎಂದವಳು ನಾನೇ.